ತಾರಸಿ ಮೇಲೆ ಬೀಳೋ ಐವತ್ತು ಸಾವಿರ ಲೀಟರ್

ಮಂಡ್ಯದೋರಿಗೆ ‘ನೀರು ಉಳಿಸಿ’ ಅಂತ ಹೇಳೋದು ಕಷ್ಟದ ಕೆಲಸ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿದರೆ ಊರಿಗೆಲ್ಲ ಹಬ್ಬ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳು ಹಸಿರು. ಆದರೆ ಮಳೆ ಕೈಕೊಟ್ಟ 2023ರಲ್ಲಿ, ಸೆಪ್ಟೆಂಬರ್ 23ರಂದು, ಇದೇ ಮಂಡ್ಯ ಕಾವೇರಿ ನೀರಿಗಾಗಿ ಬಂದ್ ಆಗಿತ್ತು.

ಮೊದಲೇ ಒಂದು ಲೆಕ್ಕ ಹೇಳಿಬಿಡೋಣ, ಆಮೇಲೆ ಯಾರೂ ಕಾಲೆಳೆಯೋದು ಬೇಡ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಕಬ್ಬಿಗೆ ಒಂದು ಬೆಳೆಗೆ 1,500 ಮಿ.ಮೀ. ನೀರು ಅಂತ ಕಡಿಮೆ ಹಿಡಿದರೂ ಎಕರೆಗೆ 60 ಲಕ್ಷ ಲೀಟರ್ ಆಯ್ತು. ನಗರದ ಮನೆಗೆ ತಲಾ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ನಾಲ್ಕು ಜನರಿಗೆ ದಿನಕ್ಕೆ 540, ವರ್ಷಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ. ಅಂದರೆ ಒಂದೆಕರೆ ಕಬ್ಬು ಕುಡಿಯೋ ನೀರಲ್ಲಿ ಮೂವತ್ತು ಮನೆ ವರ್ಷವಿಡೀ ಬದುಕಬಹುದು. ಹಾಗಾಗಿ ಮನೆ ನಲ್ಲಿ ಬಿಗಿ ಮಾಡಿ ಕಾವೇರಿ ಉಳಿಸ್ತೀವಿ ಅನ್ನೋ ಮಾತು ಬೇಡ. ಉಳಿಯೋದು ಬೇರೆ: ನಮ್ಮ ಬೀದಿಯ ಬೋರ್‌ವೆಲ್, ಮೋಟರ್‌ನ ಕರೆಂಟು, ಬೇಸಿಗೇಲಿ ಟ್ಯಾಂಕರ್‌ಗೆ ಕೊಡೋ ದುಡ್ಡು. ಒಂದೇ ಬೋರನ್ನ ಇಪ್ಪತ್ತು ಮನೆ ನಂಬಿದ ಕಡೆ ಮನೆಗೆ 50 ಲೀಟರ್ ಉಳಿದರೆ ದಿನಕ್ಕೆ ಸಾವಿರ ಲೀಟರ್. ಅದು ಚಿಕ್ಕದಲ್ಲ.

ಈಗ ತಾರಸಿಗೆ ಬರೋಣ. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಇಷ್ಟೇ ಸೂತ್ರ. 30x40 ಸೈಟಿನಲ್ಲಿ 1,000 ಚದರ ಅಡಿ ತಾರಸಿ ಇದ್ದರೆ 93 ಚದರ ಮೀಟರ್. ಗುಣಿಸಿ, ಆವಿಯಾಗೋದು ಸೋರೋದು ಅಂತ ಶೇ. 20 ಕಳೆದರೂ 52,000 ಲೀಟರ್. ಆ ನಾಲ್ಕು ಜನರಿಗೆ 96 ದಿನದ ನೀರು, ಪೈಪಿನಲ್ಲಿ ಇಳಿದು ನೇರ ಚರಂಡಿಗೆ!

ಆದರೆ 52,000 ಲೀಟರ್ ತುಂಬಿಡೋ ಸಂಪು ಯಾರೂ ಕಟ್ಟಿಸಲ್ಲ, ಕಟ್ಟಿಸಬೇಕಾಗಿಯೂ ಇಲ್ಲ. 30 ಮಿ.ಮೀ. ಜೋರು ಮಳೆಗೆ ಆ ತಾರಸಿಯಿಂದ ಬರೋದು ಸುಮಾರು 2,200 ಲೀಟರ್, ಅಂದರೆ ನಾಲ್ಕು ದಿನದ ಬಳಕೆ. 5,000 ಲೀಟರ್ ಸಂಪು ತುಂಬುತ್ತೆ, ಖಾಲಿಯಾಗುತ್ತೆ, ಮತ್ತೆ ತುಂಬುತ್ತೆ. ಹೆಚ್ಚಾಗಿದ್ದನ್ನ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಬೇಕು. ಮಳೆ ಶುರುವಾದಾಗ ಬರೋ ಮೊದಲ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರುತ್ತೆ. ಅದನ್ನ ಹೊರಗೆ ಬಿಡೋಕೆ ಒಂದು ಗೇಟ್ ವಾಲ್ವ್, ಆಮೇಲೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು. ಸಿವಿಲ್‌ನೋರು ಮಾತ್ರ ಮಾಡೋ ಕೆಲಸ ಅಂತ ಮೆಕ್ಯಾನಿಕಲ್‌ನೋರು ತಪ್ಪಿಸಿಕೊಳ್ಳಬೇಡಿ.

ಬಿದ್ದ ಮಳೆಯನ್ನ ಬಿದ್ದಲ್ಲೇ ನಿಲ್ಲಿಸೋ ವಿದ್ಯೆಗೆ ನಮ್ಮಲ್ಲೇ ಒಬ್ಬರು ಮೇಷ್ಟ್ರಿದ್ದರು. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಲ್ಮನೆ ಕಾಮೇಗೌಡರು. ಕುರಿ ಮೇಯಿಸ್ತಿದ್ದೋರು, ಡಿಗ್ರಿ ಇಲ್ಲ. ಕುಂದೂರು ಬೆಟ್ಟದಲ್ಲಿ ದನಕರು, ಹಕ್ಕಿಗಳಿಗೆ ಕುಡಿಯೋಕೆ ನೀರಿಲ್ಲ ಅಂತ ಕಟ್ಟೆ ತೋಡೋಕೆ ಶುರುಮಾಡಿದರು, ಅದಕ್ಕಾಗಿ ಕುರಿಗಳನ್ನೂ ಮಾರಿದರು. 2020ರ ಜೂನ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಅವರ 16 ಕಟ್ಟೆಗಳ ಬಗ್ಗೆ ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮ ಇಂಗುಗುಂಡಿಯ ತತ್ವವೂ ಅದೇ, ಅಳತೆ ಮಾತ್ರ ಚಿಕ್ಕದು.

ಸೋರೋ ನಲ್ಲಿ ಬಗ್ಗೆ ಪೋಸ್ಟರ್ ಅಂಟಿಸೋದಕ್ಕಿಂತ ಅಳೆಯೋದು ಮೇಲು. ಹಾಸ್ಟೆಲಿನ ತೊಟ್ಟಿಕ್ಕೋ ನಲ್ಲಿ ಕೆಳಗೆ 200 ಮಿ.ಲೀ. ಲೋಟ ಇಡಿ. ಹತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ 28.8 ಲೀಟರ್, ತಿಂಗಳಿಗೆ 864. ವಾಷರ್ ಬೆಲೆ ನಿಮಗೇ ಗೊತ್ತು. ಈ ಅಂಕಿ ಬರೆದುಕೊಂಡು ವಾರ್ಡನ್ ಹತ್ರ ಹೋದರೆ ಮಾತಿಗೆ ತೂಕ ಬರುತ್ತೆ.

ಹಿತ್ತಲಿನ ವಿಷಯದಲ್ಲಿ ನಮ್ಮ ಅಜ್ಜಿಯರು ನಮಗಿಂತ ಮುಂದಿದ್ದರು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿಗೆ, ಬಚ್ಚಲ ನೀರು ಬಾಳೆ ಬುಡಕ್ಕೆ. ಆಗ ಸೀಗೆಪುಡಿ, ಕಡ್ಲೆಹಿಟ್ಟು; ಈಗ ಡಿಟರ್ಜೆಂಟ್. ಬಟ್ಟೆ ಒಗೆದ ಮೊದಲ ನೀರಲ್ಲಿ ಸೋಡಿಯಂ ಜಾಸ್ತಿ, ಗಿಡಕ್ಕೆ ಬೇಡ. ಕೊನೆಯ ಜಾಲಾಡಿದ ನೀರು ಪರವಾಗಿಲ್ಲ. ಆರ್‌ಒ ಯಂತ್ರ ಹೊರಹಾಕೋ ನೀರಿಗೂ ಇದೇ ಮಾತು: ಅದರಲ್ಲಿ ಉಪ್ಪಿನಂಶ ಒಟ್ಟಾಗಿರುತ್ತೆ, ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಿ. ದಿನಾ ಗಿಡಕ್ಕೆ ಸುರಿದರೆ ಕುಂಡದ ಮಣ್ಣು ಕೆಡುತ್ತೆ. ನಾಲೆ ಬಯಲಲ್ಲಿ ಚೌಳು ಹಿಡಿದ ಗದ್ದೆ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಗಿಡಕ್ಕೆ ನೀರು ಬೆಳಗ್ಗೆ ಅಥವಾ ಸಂಜೆ, ಎಲೆಗಲ್ಲ, ಬುಡಕ್ಕೆ. ಬುಡಕ್ಕೆ ಕಬ್ಬಿನ ತರಗೋ ತೆಂಗಿನ ನಾರೋ ಮುಚ್ಚಿದರೆ ತೇವ ಬೇಗ ಆರಲ್ಲ, ಕಳೆಯೂ ಕಡಿಮೆ. ಇವೆರಡೂ ನಮ್ಮೂರಲ್ಲಿ ದುಡ್ಡು ಕೊಟ್ಟು ತರೋ ಸಾಮಾನಲ್ಲ. ಕಬ್ಬು ಕಡಿದ ಮೇಲೆ ಎಷ್ಟೋ ಕಡೆ ತರಗಿಗೆ ಬೆಂಕಿ ಇಡ್ತಾರೆ. ಈ ಸಲ ಊರಿಗೆ ಹೋದಾಗ ಅಪ್ಪನ ಹತ್ರ ಕೂತು ಆ 60 ಲಕ್ಷ ಲೀಟರ್ ಲೆಕ್ಕ ಹಾಕಿ ತೋರಿಸಿ. ಒಂದೆರಡು ಸಾಲಲ್ಲಾದರೂ ತರಗು ಸುಡದೆ ಹಾಸಿ ನೋಡೋಣ ಅಂತ ಕೇಳಿ. ಬೈದರೆ ಬೈಸಿಕೊಳ್ಳಿ, ಆಮೇಲೆ ಇನ್ನೊಂದ್ಸಲ ಕೇಳಿ.