ಟ್ಯಾಬ್ಲೆಟ್ ಆ್ಯಪ್: ಮೊದಲು ಐಪ್ಯಾಡ್‌ಗೋ, ಆಂಡ್ರಾಯ್ಡ್‌ಗೋ?

ಟ್ಯಾಬ್ಲೆಟ್‌ಗೆ ಆ್ಯಪ್ ಬರೆಯಲು ಹೊರಟವರು ಪ್ರೊಸೆಸರ್, ಪರದೆ, ಬ್ಯಾಟರಿ ಎಂದು ಯಂತ್ರಗಳನ್ನು ಹೋಲಿಸುವುದರಲ್ಲೇ ವಾರಗಟ್ಟಲೆ ಕಳೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಬರೆದ ಆ್ಯಪ್ ಬಳಸುವವರ ಕೈಗೆ ಎಷ್ಟು ಸುಲಭವಾಗಿ ತಲುಪುತ್ತದೆ ಎಂಬುದು. 2011ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಟಚ್‌ಪ್ಯಾಡ್ ಇದಕ್ಕೆ ಸಾಕ್ಷಿ. ಅದರ ವೆಬ್‌ಓಎಸ್ ತಂತ್ರಾಂಶವನ್ನು ಮೆಚ್ಚಿದವರಿದ್ದರು. ಆದರೂ ಕೊಳ್ಳುವವರು ಸಾಲದೆ, ಕಂಪನಿ ಆಗಸ್ಟ್‌ನಲ್ಲೇ ಅದನ್ನು ಕೈಬಿಟ್ಟಿತು. ಬಳಸುವವರಿಲ್ಲದ ಯಂತ್ರಕ್ಕೆ ಆ್ಯಪ್ ಬರೆದು ಫಲವಿಲ್ಲ, ಆದ್ದರಿಂದ ಮೊದಲ ಹೆಜ್ಜೆ ಬಳಕೆದಾರರನ್ನು ಗುರುತಿಸುವುದು. ಸಮೀಕ್ಷೆ, ಗೋದಾಮಿನ ಲೆಕ್ಕ, ತರಗತಿಯ ಅಭ್ಯಾಸದಂಥ ಕೆಲಸಗಳಿಗೆ ಹತ್ತಾರು ಟ್ಯಾಬ್ಲೆಟ್ ಒಟ್ಟಿಗೆ ಕೊಳ್ಳುವ ಸಂಸ್ಥೆಗಳಿಗೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಹೊಂದುತ್ತದೆ. ಚಿತ್ರಕಲೆ, ಸಂಗೀತ ಸಂಯೋಜನೆಯ ವೃತ್ತಿಪರರಲ್ಲಿ ಐಪ್ಯಾಡ್ ಬೇರೂರಿದೆ.

ಎರಡನೆಯ ಹೆಜ್ಜೆ, ನಿಮ್ಮ ಮೇಜಿನ ಮೇಲಿರುವ ಕಂಪ್ಯೂಟರ್ ನೋಡಿಕೊಳ್ಳುವುದು. ಆಂಡ್ರಾಯ್ಡ್ ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೊ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಆ್ಯಪಲ್‌ನ ಎಕ್ಸ್‌ಕೋಡ್ ಕೂಡ ಉಚಿತವೇ, ಆದರೆ ಅದಕ್ಕೆ ಮ್ಯಾಕ್ ಬೇಕೇ ಬೇಕು. ಸ್ವಿಫ್ಟ್ ಪ್ಲೇಗ್ರೌಂಡ್ಸ್ ಮೂಲಕ 2021ರ ಕೊನೆಯಿಂದ ಐಪ್ಯಾಡ್‌ನಲ್ಲೇ ಆ್ಯಪ್ ಬರೆದು ಆ್ಯಪ್ ಸ್ಟೋರ್‌ಗೆ ಕಳಿಸಬಹುದು. ಕಲಿಯುವವರಿಗೆ ಅದು ಒಳ್ಳೆಯ ದಾರಿ. ದೊಡ್ಡ ಯೋಜನೆಗೆ ಸಾಲದು.

ಮೂರನೆಯದು ಹಂಚಿಕೆಯ ಖರ್ಚು ಮತ್ತು ನಿಯಮ. ಹೊಸಬರ ಲೆಕ್ಕ ತಪ್ಪುವುದು ಇಲ್ಲೇ. ಗೂಗಲ್ ಪ್ಲೇ ನೋಂದಣಿಗೆ ಒಮ್ಮೆ 25 ಡಾಲರ್ ಕೊಟ್ಟರೆ ಮುಗಿಯಿತು. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ಅಗ್ಗವೆಂದ ಮಾತ್ರಕ್ಕೆ ಪ್ಲೇ ದಾರಿ ಸಲೀಸಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಪ್ರಕಟಣೆಗೆ ಮುನ್ನ ಕನಿಷ್ಠ 12 ಮಂದಿಯಿಂದ ಸತತ 14 ದಿನ ಪರೀಕ್ಷೆ ನಡೆಸಬೇಕು. ಆ್ಯಪಲ್‌ನ ಟೆಸ್ಟ್‌ಫ್ಲೈಟ್‌ನಲ್ಲಿ ಹೊರಗಿನ 10,000 ಮಂದಿಯವರೆಗೆ ಆ್ಯಪ್ ಕೊಡಬಹುದು, ಆದರೆ ಪ್ರತಿ ಆವೃತ್ತಿಯ ಆಯುಸ್ಸು 90 ದಿನ. ಆಂಡ್ರಾಯ್ಡ್‌ನಲ್ಲಿ ಎಪಿಕೆ ಫೈಲನ್ನು ನೇರವಾಗಿ ಹಂಚುವ ಅನುಕೂಲವಿದೆ. ಅದಕ್ಕೂ ಡೆವಲಪರ್ ಗುರುತಿನ ಪರಿಶೀಲನೆ ತರುವುದಾಗಿ ಗೂಗಲ್ 2025ರಲ್ಲಿ ಘೋಷಿಸಿರುವುದರಿಂದ ಹಂಚುವ ಹೊತ್ತಿನ ನಿಯಮ ನೋಡಿಕೊಂಡೇ ಯೋಜಿಸಬೇಕು.

ಆಂಡ್ರಾಯ್ಡ್‌ನಲ್ಲಿ ಪರದೆಯ ಅಳತೆಗಳು ನೂರೆಂಟು, ಪರೀಕ್ಷಿಸಿ ಮುಗಿಯುವುದಿಲ್ಲ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಪ್ರತಿ ಮಾದರಿಗೂ ವಿನ್ಯಾಸ ಮಾಡಬೇಕಿಲ್ಲ. ಪರದೆಯ ಅಗಲ 600 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ದಾಟಿದಾಗ, 840 ಡಿಪಿ ದಾಟಿದಾಗ ವಿನ್ಯಾಸ ಬದಲಾಗುವಂತೆ ಬರೆದು, ಎಮ್ಯುಲೇಟರ್‌ನಲ್ಲೂ ಒಂದು ಅಗ್ಗದ ಟ್ಯಾಬ್ಲೆಟ್‌ನಲ್ಲೂ ನೋಡಿದರೆ ಹೆಚ್ಚಿನ ತೊಡಕು ಮೊದಲೇ ಗೊತ್ತಾಗುತ್ತದೆ. ಐಪ್ಯಾಡ್‌ನಲ್ಲೂ 2015ರಿಂದ ಎರಡು ಆ್ಯಪ್‌ಗಳು ಪರದೆ ಹಂಚಿಕೊಳ್ಳುವುದರಿಂದ ಒಂದೇ ಅಳತೆಯನ್ನು ನಂಬುವಂತಿಲ್ಲ. ಫ್ಲಟರ್‌ನಂಥ ಸಲಕರಣೆಯಲ್ಲಿ ಒಮ್ಮೆ ಬರೆದರೆ ಎರಡೂ ಕಡೆ ನಡೆಯುವಾಗ ಆಯ್ಕೆಯ ಮಾತೇಕೆ ಎಂದೂ ಕೇಳುವವರಿದ್ದಾರೆ. ಕೋಡ್ ಒಂದೇ ಆದರೂ ಐಪ್ಯಾಡ್ ಆವೃತ್ತಿ ಸಿದ್ಧಪಡಿಸಲು ಸ್ವಂತದ್ದೋ ಬಾಡಿಗೆಯದೋ ಮ್ಯಾಕ್ ಬೇಕು, ವಾರ್ಷಿಕ ಶುಲ್ಕ ತಪ್ಪದು, ಪರೀಕ್ಷೆಯ ಕೆಲಸ ಇಮ್ಮಡಿಯಾಗುತ್ತದೆ. ಹಾಗಾಗಿ ಯಾವುದು ಮೊದಲು ಎಂದು ತೀರ್ಮಾನಿಸಲೇಬೇಕು.

ಬಳಕೆದಾರರು ಈಗಾಗಲೇ ಐಪ್ಯಾಡ್ ಹಿಡಿದಿದ್ದು, ಆ್ಯಪ್‌ಗೆ ಹಣ ಕೊಡಲು ಸಿದ್ಧರಿದ್ದರೆ ಮ್ಯಾಕ್‌ಗೆ ಹಾಕುವ ಬಂಡವಾಳ ಸಾರ್ಥಕ. ಆ ಖಾತ್ರಿ ಇಲ್ಲದ ಸಣ್ಣ ತಂಡ ಆಂಡ್ರಾಯ್ಡ್‌ನಿಂದ ತೊಡಗಿ, ದತ್ತಾಂಶ ಮತ್ತು ಸರ್ವರ್ ಭಾಗವನ್ನು ಪರದೆಯ ಕೋಡ್‌ನಿಂದ ಬೇರೆಯಾಗಿ ಬರೆದಿಡಲಿ. ನಾಳೆ ಐಪ್ಯಾಡ್‌ಗೆ ಹೋಗುವಾಗ ಆ ಭಾಗದ ಕೆಲಸ ಉಳಿತಾಯವಾಗುತ್ತದೆ. ಕೋಡ್‌ನ ಮೊದಲ ಸಾಲಿಗೂ ಮುನ್ನ, ಆ್ಯಪ್ ಬಳಸಲಿರುವ ಹತ್ತು ಮಂದಿಯನ್ನು ಅವರ ಬಳಿ ಯಾವ ಟ್ಯಾಬ್ಲೆಟ್ ಇದೆ ಎಂದು ಕೇಳಿ ಬರೆದುಕೊಳ್ಳಿ.