ಬೂದು ಬಾಗಿಲಿನ ಒಳಗೆ ಗಟ್ಟಿ ಮರ

ಮಕ್ಕಳೇ, ಮೂಕಂಡಪಲ್ಲಿಯಲ್ಲಾಗಲಿ ಹೊಸೂರಿನಲ್ಲಾಗಲಿ, ಹಳೆಯ ಮನೆಯೊಂದರ ಬೀದಿ ಬಾಗಿಲನ್ನು ಗಮನಿಸಿ. ಬಿಸಿಲು ಮಳೆ ಬೀಳುವ ಹೊರಮುಖ ಬೂದು ಬಣ್ಣಕ್ಕೆ ತಿರುಗಿ, ಎಳೆ ಎದ್ದು ಒರಟಾಗಿರುತ್ತೆ. ಒಳಮುಖ ಮಾತ್ರ ಕಂದಾಗಿಯೇ ಇರುತ್ತೆ. ಮರ ಒಂದೇ, ವಯಸ್ಸೂ ಒಂದೇ. ಮತ್ತೆ ವ್ಯತ್ಯಾಸ ಯಾಕೆ?

ಬಿಸಿಲು ಮಾಡುವ ಕೆಲಸ

ಮರದಲ್ಲಿ ಸೆಲ್ಯುಲೋಸ್ ಎಳೆಗಳಿವೆ. ಅವನ್ನು ಅಂಟಿನಂತೆ ಹಿಡಿದಿಡುವುದು ಲಿಗ್ನಿನ್. ಬಿಸಿಲಿನ ಅತಿನೇರಳೆ ಕಿರಣಗಳು ಲಿಗ್ನಿನ್ನನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದುಬಿಡುತ್ತೆ. ಉಳಿದ ಎಳೆಗಳ ಮೇಲೆ ಕಪ್ಪು ಬೂಷ್ಟು ಕೂತು ಬೂದು ಬಣ್ಣ ಬರುತ್ತೆ. ಆದರೆ ಈ ಕಿರಣಗಳು ಒಂದು ಮಿಲಿಮೀಟರ್ ಆಳಕ್ಕೂ ಹೋಗಲಾರವು. ಬೂದು ಪದರದ ಕೆಳಗೆ ಮರ ಗಟ್ಟಿಯಾಗಿಯೇ ಇರುತ್ತೆ. ಹೊಸಿಲಿನ ಹತ್ತಿರ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ಶಿಲೀಂಧ್ರದ ಕೊಳೆತ. ಆ ತುಂಡನ್ನು ಬಡಗಿಯೇ ಬದಲಿಸಬೇಕು.

ಹಳೆ ಪೇಂಟ್ ಇದ್ದರೆ ಎಚ್ಚರ!

ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಹೆಚ್ಚು ಸೀಸ ಇರಬಹುದು. ಅದರ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತೆ. ಆದ್ದರಿಂದ ಅಂಥ ಪೇಂಟನ್ನು ನೀವು ಕೆರೆಯಬೇಡಿ. ದೊಡ್ಡವರೂ ಒಣಗಿದ್ದಾಗ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಹೊತ್ತು ಮಕ್ಕಳು, ಗರ್ಭಿಣಿಯರು ದೂರವಿರಬೇಕು.

ಎಣ್ಣೆ ಹೇಗೆ ‘ಒಣಗುತ್ತೆ’?

ಪೇಂಟ್ ಇಲ್ಲದ ಮರವನ್ನು 80, ಆಮೇಲೆ 120, ಕೊನೆಗೆ 180 ನಂಬರಿನ ಉಪ್ಪು ಕಾಗದದಿಂದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಧೂಳು ಒರೆಸಿ. ಪೇಂಟ್ ಅಂಗಡಿಯ ಲಿನ್ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿಬಿಡಿ. ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ.

ಇಲ್ಲಿ ಒಣಗುವುದೆಂದರೆ ನೀರಿನ ಹಾಗೆ ಆವಿಯಾಗುವುದಲ್ಲ. ಎಣ್ಣೆ ಗಾಳಿಯ ಆಕ್ಸಿಜನ್ ಹೀರಿ, ಅಣುಗಳು ಒಂದಕ್ಕೊಂದು ಕೂಡಿ ಪಾಲಿಮರ್ ಪದರವಾಗುತ್ತೆ. ತೂಕ ಕಡಿಮೆಯಾಗುವ ಬದಲು ಹೆಚ್ಚುತ್ತೆ! ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗದೆ, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಲ್ಲಿ ನೆನೆಸಿಡಿ, ಇಲ್ಲವೇ ಬಯಲಿನಲ್ಲಿ ಹರಡಿ ಒಣಗಿಸಿ.

ಎಣ್ಣೆ ನೀರನ್ನು ತಡೆಯುತ್ತೆ, ಬಿಸಿಲನ್ನು ಅಷ್ಟಾಗಿ ತಡೆಯಲ್ಲ. ಅದಕ್ಕೇ ಹೊರಬಾಗಿಲಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮತ್ತೆ ಹಚ್ಚಬೇಕು.

ಮಾಡಿ ನೋಡಿ: ಎರಡು ಗಾಜಿನ ಚೂರುಗಳ ಮೇಲೆ ಅಗಸೆ ಎಣ್ಣೆ, ಕೊಬ್ಬರಿ ಎಣ್ಣೆ ಬೇರೆ ಬೇರೆ ಸವರಿ ಒಂದು ವಾರ ಇಡಿ. ಯಾವುದು ಗಟ್ಟಿಯಾಯಿತು? ಕಾರಣವನ್ನು ಕಾರ್ಬನ್ ಸಂಯುಕ್ತಗಳ ಪಾಠದ ದ್ವಿಬಂಧಗಳಲ್ಲಿ ಹುಡುಕಿ.