ದೊಡ್ಡವರ ಥೆರಪಿ ಬಿಟ್ಟು ಮಕ್ಕಳ ವಿಭಾಗಕ್ಕೆ ಹೋಗಲೇ?

ಪ್ರಶ್ನೆ: ನನಗೆ 32 ವರ್ಷ. ಬಿಪಿಟಿ ಮುಗಿಸಿ ಎಂಟು ವರ್ಷದಿಂದ ದೊಡ್ಡಬಳ್ಳಾಪುರದ ಖಾಸಗಿ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಬರುವವರಲ್ಲಿ ಮಗ್ಗದ ಕೆಲಸದವರೇ ಹೆಚ್ಚು. ಸೊಂಟನೋವು, ಕುತ್ತಿಗೆನೋವು, ಮಂಡಿನೋವು. ನಡುವೆ ಲಕ್ವ ಹೊಡೆದವರು. ಕಳೆದ ವರ್ಷ ಎರಡು ವರ್ಷ ತುಂಬಿದರೂ ಕೂರಲಾರದ ಮಗುವನ್ನು ಕರೆತಂದಿದ್ದರು. ಗೊತ್ತಿದ್ದಷ್ಟು ಮಾಡಿದೆ. ನಾಲ್ಕು ಸಲ ಬಂದು ಆಮೇಲೆ ಬರಲೇ ಇಲ್ಲ. ಅಂದಿನಿಂದ ಮಕ್ಕಳ ವಿಭಾಗಕ್ಕೇ ಹೋಗಬೇಕು ಅನ್ನಿಸುತ್ತಿದೆ. ಎಂಪಿಟಿ ಇಲ್ಲದೆ ಆಗುತ್ತದೆಯೇ? ‘ಬರುವ ಸಂಬಳ ಬಿಟ್ಟು ಮತ್ತೆ ಮೊದಲಿಂದ ಯಾಕೆ’ ಎಂದು ಮನೆಯಲ್ಲಿ ಕೇಳುತ್ತಾರೆ. ಮಗು ಅತ್ತರೆ ನನ್ನ ಕೈಯೇ ನಡುಗುತ್ತದೆ. ದಾರಿ ತೋರಿಸಿ.
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ಹೋಗಿ. ಆದರೆ ಇವತ್ತೇ ಕೆಲಸ ಬಿಟ್ಟು ಹೋಗಬೇಡಿ.

ಮೊದಲು ಓದಿನ ಮಾತು. ನೀವು ಮಾಡಿದ ಬಿಪಿಟಿಯ ನಾಲ್ಕು ವರ್ಷ, ಆರು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಮಕ್ಕಳ ಪಾಠವೂ ಸೇರಿತ್ತು. ಮಕ್ಕಳ ಜೊತೆ ಕೆಲಸ ಶುರುಮಾಡಲು ಅಷ್ಟು ಸಾಕು; ಚೆನ್ನಾಗಿ ಮಾಡಲು ಸಾಲದು. ಕಾಲೇಜಿನಲ್ಲಿ ಕಲಿಸಬೇಕು, ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಸೇರಬೇಕು ಎಂದಿದ್ದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡು ವರ್ಷದ ಎಂಪಿಟಿ ಇದೆ, ಅದರಲ್ಲಿ ಮಕ್ಕಳ ವಿಭಾಗವನ್ನೇ ಆರಿಸಿಕೊಳ್ಳಬಹುದು. ಅಂಚೆ ಮೂಲಕ ಎಂಪಿಟಿ ಮಾಡಿಸುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಬೇಡಿ. ಫಿಸಿಯೋಥೆರಪಿಯನ್ನು ದೂರಶಿಕ್ಷಣದಲ್ಲಿ ಕಲಿಸಲು ಯುಜಿಸಿ ನಿಯಮ ಒಪ್ಪುವುದಿಲ್ಲ.

ಎಂಟು ವರ್ಷದ ಅನುಭವ ಎಲ್ಲಿಯೂ ಹೋಗುವುದಿಲ್ಲ. ಲಕ್ವ ಹೊಡೆದವರ ಬಿಗಿದ ಸ್ನಾಯುವನ್ನು ಕೈಯಲ್ಲಿ ಹಿಡಿದು ಅರಿತವರಿಗೆ ಸೆರೆಬ್ರಲ್ ಪಾಲ್ಸಿಯ ಬಿಗಿತ ಪೂರ್ತಿ ಹೊಸದಲ್ಲ. ಹೊಸದು ಬೇರೆ ಇದೆ. ಲಕ್ವ ಹೊಡೆದವರು ಒಮ್ಮೆ ನಡೆದಿದ್ದವರು, ಅವರ ದೇಹಕ್ಕೆ ನಡಿಗೆಯ ನೆನಪಿದೆ. ಈ ಮಗು ಒಮ್ಮೆಯೂ ಕೂತಿಲ್ಲ. ಆದ್ದರಿಂದ ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ಅಂಬೆಗಾಲು ಯಾವ ತಿಂಗಳಲ್ಲಿ ಹೇಗೆ ಬರುತ್ತವೆ ಎಂಬುದು ನಿಮಗೆ ಬಾಯಿಪಾಠವಾಗಿರಬೇಕು. ತಿಂಗಳು ತುಂಬದೆ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ ಹೆರಿಗೆಯ ದಿನದಿಂದಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಲೆಕ್ಕ ಹಾಕಬೇಕು. ಎರಡು ವರ್ಷದೊಳಗೆ ತಾನಾಗಿ ಕೂರುವ ಸೆರೆಬ್ರಲ್ ಪಾಲ್ಸಿ ಮಕ್ಕಳು ಮುಂದೆ ನಡೆಯುವ ಸಾಧ್ಯತೆ ಹೆಚ್ಚು. ‘ನಮ್ಮ ಮಗು ಓಡಾಡುತ್ತಾ?’ ಎಂದು ತಾಯಿ ಕೇಳಿದಾಗ ಸುಳ್ಳು ಭರವಸೆ ಕೊಡದಿರಲು ಇಂಥ ತಿಳಿವಳಿಕೆ ಬೇಕು. ಮಕ್ಕಳ ಚಲನೆಯನ್ನು ಐದು ಹಂತಗಳಲ್ಲಿ ಅಳೆಯುವ ಜಿಎಂಎಫ್‌ಸಿಎಸ್ ಪಟ್ಟಿಯನ್ನು ಮೊದಲು ಕಲಿಯಿರಿ.

ಕೆಲವು ಕಡೆ ಕೈ ತಡೆಯುವುದನ್ನೂ ಕಲಿಯಬೇಕು. ನಾಲ್ಕೈದು ವರ್ಷದ ಹುಡುಗ ಪದೇಪದೇ ಬೀಳುತ್ತಾನೆ, ಮೀನಖಂಡ ದಪ್ಪವಾಗಿದೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರುತ್ತಾನೆ ಎಂದರೆ ಡುಶೆನ್ ಸ್ನಾಯುಕ್ಷಯ ಇರಬಹುದು. ‘ಕಾಲಿಗೆ ಬಲ ಬರಲಿ’ ಎಂದು ಭಾರದ ವ್ಯಾಯಾಮ ಮಾಡಿಸಿದರೆ ಸ್ನಾಯುವಿಗೆ ಇನ್ನಷ್ಟು ಹಾನಿ. ಅವನನ್ನು ತಡಮಾಡದೆ ಮಕ್ಕಳ ನರರೋಗ ತಜ್ಞರ ಬಳಿಗೆ ಕಳಿಸಬೇಕು.

ಆ ಮಗು ಯಾಕೆ ಮತ್ತೆ ಬರಲಿಲ್ಲ ಎಂದು ಯೋಚಿಸಿದ್ದೀರಾ? ನಿಮ್ಮ ಕೈಯಲ್ಲಿ ದೋಷವಿತ್ತು ಎಂದುಕೊಳ್ಳಬೇಡಿ. ಅಪ್ಪ ಮಗ್ಗದ ಮುಂದೆ, ಅಮ್ಮ ಗಾರ್ಮೆಂಟ್ಸಿನಲ್ಲಿ ಇರುವ ಮನೆಯಲ್ಲಿ ಒಂದು ದಿನದ ಥೆರಪಿ ಎಂದರೆ ಒಂದು ದಿನದ ಕೂಲಿ ಹೋದ ಹಾಗೆ. ವಾರಕ್ಕೆ ಎರಡು ಸಲ ನೀವು ಮುಕ್ಕಾಲು ಗಂಟೆ ಮಾಡಿಸಿದ್ದರಿಂದ ಮಗು ಕೂರುವುದಿಲ್ಲ. ಮಿಕ್ಕ ಹೊತ್ತೆಲ್ಲ ಅದು ಅಜ್ಜಿಯ ಕೈಯಲ್ಲಿದೆ, ನಿಜವಾದ ಚಿಕಿತ್ಸೆ ನಡೆಯಬೇಕಾದದ್ದೂ ಅಲ್ಲೇ. ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚಿ ಎರೆಯುವ ಅಜ್ಜಿಗೆ, ಅದೇ ಹೊತ್ತಿನಲ್ಲಿ ಮಗುವನ್ನು ಬೋರಲು ಮಲಗಿಸಿ ತಲೆಯೆತ್ತಿಸುವುದನ್ನು ತೋರಿಸಿಕೊಡಿ. ಕಾಲು ಕತ್ತರಿಯಂತೆ ಒಳಕ್ಕೆ ಸೇರುವ ಮಗುವನ್ನು ತೋಳಿನಲ್ಲಿ ಮಲಗಿಸಿ ಎತ್ತಿಕೊಳ್ಳುವ ಬದಲು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳಲು ಹೇಳಿ. ಥೆರಪಿಸ್ಟ್ ಕೈಕಾಲು ಎಳೆದು ಮಡಚುವುದಕ್ಕಿಂತ, ಮಗು ತನಗೆ ಬೇಕಾದ ವಸ್ತುವಿಗಾಗಿ ತಾನೇ ಮತ್ತೆ ಮತ್ತೆ ಪ್ರಯತ್ನಿಸುವುದು ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಸಂಶೋಧನೆಗಳೂ ಒಪ್ಪಿವೆ. ಮನೆಯವರ ಕೈಗಳನ್ನು ತಯಾರು ಮಾಡುವ ತಾಳ್ಮೆ ನಿಮಗಿದೆಯೇ? ಇದ್ದರೆ ನೀವು ಈ ವಿಭಾಗಕ್ಕೆ ಬೇಕಾದವರು.

ಅಳುವಿನ ಭಯ ಅಭ್ಯಾಸದಿಂದ ಹೋಗುತ್ತದೆ. ಎಂಟೊಂಬತ್ತು ತಿಂಗಳ ಮಗು ಹೊಸ ಮುಖ ಕಂಡರೆ ಅಳುವುದು ಸಹಜ ಬೆಳವಣಿಗೆ. ಮೊದಲ ಭೇಟಿಯಲ್ಲಿ ಮುಟ್ಟಲೇಬೇಡಿ. ನೆಲದ ಮೇಲೆ ಕೂತು ಆಟದ ಸಾಮಾನು ಕೊಡಿ, ತಾಯಿಯ ಮಡಿಲಲ್ಲೇ ಇರಲಿ, ನೀವು ನೋಡುತ್ತಿರಿ. ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ನೋವಿನಿಂದ ಅತ್ತರೆ ಮಾತ್ರ ತಕ್ಷಣ ನಿಲ್ಲಿಸಿ.

ಇನ್ನು ಸಂಬಳ. ಕ್ಲಿನಿಕ್ಕಿನಲ್ಲಿ ಮಾತಾಡಿ ವಾರಕ್ಕೆ ಒಂದು ದಿನ ಬಿಡುವು ಪಡೆಯಿರಿ. ಆ ದಿನದ ಸಂಬಳ ಹೋದರೂ ಹೋಗಲಿ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಇಲ್ಲೆಲ್ಲ ಕೂತು ನೋಡಿ ಕಲಿಯಲು ಅವಕಾಶ ಕೊಡುತ್ತೀರಾ ಎಂದು ಪತ್ರ ಬರೆದು ಕೇಳಿ. ಆರು ತಿಂಗಳು ಹೀಗೆ ಕಲಿತ ಮೇಲೂ ಮನಸ್ಸು ಅಲ್ಲೇ ಇದ್ದರೆ, ನಿಮ್ಮ ಕ್ಲಿನಿಕ್ಕಿನಲ್ಲೇ ವಾರಕ್ಕೆ ಎರಡು ಮಧ್ಯಾಹ್ನ ಮಕ್ಕಳಿಗೆಂದು ಮೀಸಲಿಡಿ. ಎಂಪಿಟಿಯ ತೀರ್ಮಾನ ಆಮೇಲೆ. ಮನೆಯವರಿಗೂ ಈ ಲೆಕ್ಕವನ್ನೇ ಹೇಳಿ. ಅವರಿಗಿರುವುದು ಸಂಬಳ ಒಮ್ಮೆಗೇ ನಿಲ್ಲುವ ಭಯ.

ಸರ್ಕಾರಿ ದಾರಿಯೂ ಗೊತ್ತಿರಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅಲ್ಲಿ ಗುರುತಿಸಿದ ಮಕ್ಕಳಿಗಾಗಿ ಯೋಜಿಸಿದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಸಿಬ್ಬಂದಿಯಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆಯೂ ಇದೆ. ನಿಮ್ಮ ಬಳಿ ಬರುವ ತಂದೆತಾಯಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಲು ಹೇಳಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಹಳ್ಳಿಗಳಿಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬೆಂಗಳೂರಿಗೆ ಹೋಗುವ ತಾಯಂದಿರಿದ್ದಾರೆ. ಕೆಲವು ತಿಂಗಳಲ್ಲೇ ಸೋತು ಅವರು ಹೋಗುವುದನ್ನು ಬಿಡುತ್ತಾರೆ. ಮಿದುಳು ಬೇಗ ಕಲಿಯುವ ವರ್ಷಗಳು ಹೀಗೆ ಕಳೆದುಹೋಗುತ್ತವೆ. ಕಲಿತ ಮೇಲೆ ನೀವು ಬೆಂಗಳೂರಿನಲ್ಲೇ ಉಳಿಯಬೇಡಿ, ದೊಡ್ಡಬಳ್ಳಾಪುರಕ್ಕೆ ವಾಪಸ್ ಬನ್ನಿ.